ಇಂಡಿಯ ಬ್ಯಾಂಡು, ಇಂಡಿಯ ವರ

ಖಾನಾಪುರದ ತಾಲೂಕು ಕಚೇರಿಯ ದಫ್ತರ ಕೋಣೆಯಲ್ಲಿ ಮೂವತ್ತೊಂದು ವರ್ಷ ಧೂಳು ಕುಡಿದ ಬಸಲಿಂಗಪ್ಪನವರಿಗೆ ದಣಿವು ಮನೆಯ ಒಬ್ಬ ಸದಸ್ಯನಂತಾಗಿತ್ತು. ಬೆಳಿಗ್ಗೆ ಅವರಿಗಿಂತ ಮೊದಲು ಎದ್ದು, ಅವರ ಜೊತೆಗೇ ಬೆಳಗಾವಿಯ ಬಸ್‌ಸ್ಟ್ಯಾಂಡಿಗೆ ಬಂದು, ಖಾನಾಪುರದವರೆಗೂ ಅವರ ಹೆಗಲ ಮೇಲೆ ತಲೆಯಿಟ್ಟು ಕೂಡುತ್ತಿತ್ತು. ಸಂಜೆ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿತ್ತು. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಆಮೇಲೆ ಮಹಾಂತೇಶ ನಗರದ ತಮ್ಮ ಮನೆಯ ಕಟ್ಟೆಯ ಮೇಲೆ ಕೂತವರು ಯಾರು ಕರೆದರೂ ಏಳಬಾರದು ಎನ್ನುವುದು ಅವರು ಬದುಕಿನಲ್ಲಿ ಮಾಡಿದ ಏಕೈಕ ಯೋಜನೆ.

ಇಂಥ ಮನುಷ್ಯನಿಗೂ ಒಂದು ಬಡಾಯಿ ಇತ್ತು. ಅದು ಇಂಡಿ.

ಇಂಡಿ ಎಂದರೆ ವಿಜಯಪುರ ದಾಟಿ ಹೋದಮೇಲೆ ಸಿಗುವ, ಲಿಂಬೆಹಣ್ಣಿಗೆ ಹೆಸರಾದ ಊರು. ಇಪ್ಪತ್ತು ವರ್ಷಗಳ ಹಿಂದೆ ಹಳೆಯ ಕಾಗದಪತ್ರ ಜೋಡಿಸಿಕೊಡಲು ಬಸಲಿಂಗಪ್ಪನವರನ್ನು ಹದಿಮೂರು ದಿನ ಅಲ್ಲಿಗೆ ಕಳಿಸಿದ್ದರು. ಅದರಲ್ಲಿ ಐದು ದಿನ ಹೊಟ್ಟೆ ಕೆಟ್ಟು ಲಾಡ್ಜಿನಲ್ಲಿ ಮಲಗಿದ್ದರು. ಆದರೆ ವರ್ಷ ಕಳೆದಂತೆ ಆ ಹದಿಮೂರು ದಿನ ಮೂರು ತಿಂಗಳಾಯಿತು, ಮೂರು ತಿಂಗಳು ಒಂದು ವರ್ಷವಾಯಿತು. ಈಗ ಅವರು ಬಾಯಿ ತೆರೆದರೆ "ನಾ ಮೂರು ವರ್ಷ ಇಂಡಿಯೊಳಗಿದ್ದಾಗ" ಎಂದೇ ಶುರು. ಮನೆಯಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ದಣಿದ ಮನುಷ್ಯ, ಒಂದು ಊರನ್ನಾದರೂ ಇಟ್ಟುಕೊಳ್ಳಲಿ ಬಿಡು ಎಂದು ಸುಮ್ಮನಿದ್ದರು.

ಹೀಗಿರಲಾಗಿ ಮಗಳು ಮೇಘಾಳಿಗೆ ಇಂಡಿಯಿಂದಲೇ ವರ ಬಂತು.

ತಂದವನು ಸಿದ್ದಪ್ಪ. ಹಲಸಿಯವನು, ತಾಲೂಕು ಕಚೇರಿಯ ಎದುರು ಮರದ ಕೆಳಗೆ ಕೂತು ಮಂದಿಗೆ ಅರ್ಜಿ ಬರೆದುಕೊಡುವವನು. ಅರ್ಜಿ ಬರೆದು ಬರೆದು ಅವನ ನಾಲಿಗೆಯೂ ಅರ್ಜಿಯೇ ಆಗಿತ್ತು. "ಸಾಹೇಬ್ರ, ಸದರಿ ವರನ ಹೆಸರು ಶಶಿಧರ. ಸದರಿ ಊರು ಇಂಡಿ. ಸಹಕಾರಿ ಬ್ಯಾಂಕಿನಾಗ ನೌಕರಿ. ಚಿಕ್ಕಂದಿನಾಗ ಅವ್ವನ್ನ ಕಳಕೊಂಡು ಸೋದರತ್ತಿ ಅಕ್ಕವ್ವನ ಕೈಯಾಗ ಬೆಳೆದಾನ. ಸದರಿ ಅಕ್ಕವ್ವ ಇಲ್ಲೇ ಖಾನಾಪುರದಾಗ ಅದಾಳ. ಇಂದಿನಿಂದ ನಾಲ್ಕನೇ ರವಿವಾರ ಮುಗಿದ ಸೋಮವಾರದ ಒಳಗ ಹೂಂ ಅಥವಾ ಊಹೂಂ ತಿಳಿಸತಕ್ಕದ್ದು."

ನಮ್ಮ ಕಡೆ ವರನನ್ನು ನೋಡುವುದು ಆಮೇಲೆ. ಮೊದಲು ಮನೆತನ ಕೇಳಬೇಕು. ಹೆಣ್ಣಿನ ಕಡೆಯವರು ಹುಡುಗನ ಊರಿಗೆ ಹೋಗಿ, ತಾವು ಯಾರೆಂದು ಹೇಳದೆ ಚಹಾದಂಗಡಿಯಲ್ಲಿ ಕೂತು, ಕಟಿಂಗ್ ಅಂಗಡಿಯಲ್ಲಿ ಬೇಡದ ಗಡ್ಡ ಕೆರೆಸಿಕೊಂಡು, ಮೆಲ್ಲಗೆ "ಇಂಥವರ ಹುಡುಗ ಹ್ಯಾಂಗ್ರಿ?" ಎಂದು ಕೇಳಿ ಬರಬೇಕು. ಹುಡುಗ ಕುಡಿಯುತ್ತಾನೋ, ಹೊಡೆಯುತ್ತಾನೋ, ಯಾವಳನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೋ, ಎಲ್ಲ ಅಲ್ಲೇ ತಿಳಿಯುವುದು. ಮಗಳ ಬಾಳು ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

"ಇಂಡಿ ಅಂದ್ರ ನಿಮಗ ಅಂಗೈ ಇದ್ದಂಗ ಅಲ್ರೀ?" ಎಂದರು ಹೆಂಡತಿ ಕಾಂತಾ. "ಒಮ್ಮೆ ಹೋಗಿ ಕೇಳ್ಕೊಂಡು ಬರ್ರಿ."

ಹುಲಿಯ ಹಾಲು ತಂದುಕೊಡು ಎಂದು ರಾಜ ಅಪ್ಪಣೆ ಮಾಡಿದಂತಾಯಿತು. ಏಳು ತಾಸಿನ ಬಸ್ಸು, ಮತ್ತೆ ಏಳು ತಾಸು ವಾಪಸು. ಮೊದಲ ರವಿವಾರ ಬಸಲಿಂಗಪ್ಪನವರಿಗೆ ಸೊಂಟ ಹಿಡಿಯಿತು. ಎರಡನೆಯ ರವಿವಾರ ಅಮಾವಾಸ್ಯೆ ಬಂತು. ಮೂರನೆಯದಕ್ಕೆ ಮೇಲಿನ ಸಾಹೇಬರು ಬರುತ್ತಾರೆಂದರು. ಸಾಹೇಬರು ಬರಲಿಲ್ಲ, ಆದರೂ ಇವರು ಕಾದರು. ಈಗ ಉಳಿದಿದ್ದು ಒಂದೇ ರವಿವಾರ. ಶನಿವಾರ ಸಂಜೆ, ರಿಪೇರಿಗೆ ಬಿಟ್ಟಿದ್ದ ಸ್ಕೂಟರು ತರಲು ಅವರು ಆಟೋ ನಗರಕ್ಕೆ ಹೋದಾಗ, ದೇವರೇ ಒಂದು ಫ್ಲೆಕ್ಸ್ ಕಟ್ಟಿಸಿದ್ದ:

"ಗೋದಾಮು ಸಂಗೀತಮನೆಗೆ ಐದು ವರ್ಷ! ಇಂಡಿ ಬ್ಯಾಂಡ್ 'ಒದ್ದೆ ಚಪ್ಪಲಿ' ನಿಮ್ಮ ಮುಂದೆ. ರವಿವಾರ ಸಂಜೆ ಐದಕ್ಕೆ."

ಬಸಲಿಂಗಪ್ಪನವರು ಮೂರು ಸಲ ಓದಿದರು. ಮಳೆಯೇ ಬೀಳದ ಇಂಡಿಯಲ್ಲಿ ಚಪ್ಪಲಿ ಒದ್ದೆಯಾದದ್ದು ಹೇಗೆ ಎಂಬುದೊಂದನ್ನು ಬಿಟ್ಟರೆ ಅವರಿಗೆ ಬೇರೆ ಯಾವ ಅನುಮಾನವೂ ಬರಲಿಲ್ಲ. ಮನೆಗೆ ಬಂದವರೇ ಘೋಷಿಸಿದರು: "ಕಾಂತಾ, ನಾ ಇಂಡಿಗೆ ಹೋಗೂದು ಬ್ಯಾಡ. ಇಂಡಿನ ಇಲ್ಲಿಗೆ ಬರಾಕತ್ತೈತಿ."

"ಪಪ್ಪಾ, ಇಂಡಿ ಬ್ಯಾಂಡ್ ಅಂದ್ರ ಅದು..." ಎಂದು ಮೇಘಾ ಬಾಯಿ ತೆರೆದಳು.

"ನಿನ್ನ ಮದುವಿ ವಿಷಯದಾಗ ನೀ ನಡುವ ಬಾಯಿ ಹಾಕಬ್ಯಾಡ," ಎಂದರು ಕಾಂತಾ.

ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಮ್ಮ ಹಾಡು ತಾವೇ ಕಟ್ಟಿ ತಾವೇ ಹಾಡಿಕೊಳ್ಳುವ ಹುಡುಗರಿಗೆ ಇಂಗ್ಲಿಷಿನಲ್ಲಿ ಇಂಡಿ ಎನ್ನುತ್ತಾರೆ. ಅದು ಮೇಘಾಳಿಗೆ ಗೊತ್ತಿತ್ತು, ಈಗ ನಿಮಗೂ ಗೊತ್ತಾಯಿತು. ಆದರೆ ಆ ಮನೆಯಲ್ಲಿ ಅವಳನ್ನು ಕೇಳಿದವರು ಯಾರು?

ರವಿವಾರ ನಾಲ್ಕಕ್ಕೇ ಬಸಲಿಂಗಪ್ಪನವರು ಗೋದಾಮಿನ ಬಾಗಿಲಲ್ಲಿದ್ದರು. ಹಿಂದೆ ಲಾರಿಗಳ ಬಿಡಿಭಾಗ ತುಂಬುತ್ತಿದ್ದ ತಗಡಿನ ಶೆಡ್ಡು ಅದು. ಈಗ ಒಳಗೆ ಚಿಕ್ಕದೊಂದು ವೇದಿಕೆ, ಬಣ್ಣದ ಕಾಗದದ ಹೂ, ಮೇಜಿನ ಮೇಲೆ ಐದು ಎಂಬ ಅಂಕಿಯ ಕೇಕು. ಅದನ್ನು ನಡೆಸುವ ಸ್ನೇಹಲ ಎಂಬ ಹುಡುಗಿ ಒಂದು ಕೈಯಲ್ಲಿ ವಾಯರು, ಇನ್ನೊಂದರಲ್ಲಿ ಪೇಢೆಯ ಡಬ್ಬಿ ಹಿಡಿದು ಓಡಾಡುತ್ತಿದ್ದಳು. ವಯಸ್ಸಾದವರೊಬ್ಬರು ತಾವಾಗಿಯೇ ಬಂದದ್ದು ಐದು ವರ್ಷದಲ್ಲಿ ಇದೇ ಮೊದಲು. ಇಲ್ಲಿಯವರೆಗೆ ಬಂದ ಹಿರಿಯರೆಲ್ಲ ಸಪ್ಪಳ ಕಡಿಮೆ ಮಾಡಿ ಎಂದು ಹೇಳಲು ಬಂದವರೇ.

"ಬರ್ರಿ ಕಾಕಾ, ಕುಂದರ್ರಿ! ನಿಮಗೂ ಇಂಡಿ ಬ್ಯಾಂಡ್ ಸೇರತೈತೇನ್ರಿ?"

"ಇಂಡಿ ಅಂದ್ರ ನಮ್ಮ ಮನಿ ಇದ್ದಂಗ ಯವ್ವಾ. ಮೂರು ವರ್ಷ ಅಲ್ಲೇ ಇದ್ದೆ."

ಸ್ನೇಹಲಳ ಕಣ್ಣು ಅರಳಿತು. "ಖರೇ ಏನ್ರಿ? ನೀವು ಸುದ್ದಾ ಇಂಡಿಯೊಳಗಿದ್ರಿ?" ಎಂದವಳೇ ಅವರನ್ನು ಕೈಹಿಡಿದು ವೇದಿಕೆಯ ಪಕ್ಕಕ್ಕೆ ಕರೆದೊಯ್ದಳು. ಅಲ್ಲಿ ಉದ್ದ ಕೂದಲಿನ ಡ್ರಮ್ಮಿನವನೊಬ್ಬ ತನ್ನ ಡ್ರಮ್ಮುಗಳ ತಿರುಪು ಬಿಗಿ ಮಾಡುತ್ತಿದ್ದ. "ಇವರು ಹಳೇ ಇಂಡಿ ಮಂದಿ," ಎಂದು ಪರಿಚಯ ಹೇಳಿ ಅವಳು ಓಡಿದಳು. ಡ್ರಮ್ಮಿನವನು ಎದ್ದು ನಿಂತು ಕೈಮುಗಿದ.

ಬಸಲಿಂಗಪ್ಪನವರು ಚಹಾದಂಗಡಿಯಲ್ಲಿ ಕೂತವರ ಮುಖ ಮಾಡಿಕೊಂಡರು. "ನೀವು ಖಾಸ್ ಇಂಡಿಯವರನ?"

"ಪಕ್ಕಾ ಇಂಡಿ ಸರ್. ಮೊದಲಿಂದಲೂ ಇಂಡೀನೇ. ಎಷ್ಟೋ ಜನ ಕರೆದ್ರು, ಬಿಟ್ಟು ಹೋಗಲಿಲ್ಲ."

ಹುಡುಗನ ಮಾತು ಬೆಂಗಳೂರಿನದು. ಇಂಡಿಯ ಮಂದಿ ಕೆಲಸಕ್ಕೆಂದು ಹೋಗಿ ನಾಲಿಗೆ ಕೆಡಿಸಿಕೊಂಡು ಬರುತ್ತಾರೆ ಎಂದು ಬಸಲಿಂಗಪ್ಪನವರು ಮರುಗಿದರು. "ಈಗ ಹ್ಯಾಂಗೈತ್ರಿ ಇಂಡಿ?"

"ತುಂಬಾ ಕಷ್ಟ ಸರ್. ಇಂಡಿಯಲ್ಲಿ ಬದುಕೋದೇ ಕಷ್ಟ ಆಗಿದೆ. ಎಲ್ಲರೂ ಬಿಟ್ಟು ಹೋಗ್ತಿದಾರೆ."

"ನೀರಿಂದು ತ್ರಾಸಲ್ಲ?"

"ನೀರು ಇಲ್ಲೇ ಕೊಡ್ತಾರೆ ಸರ್, ಬಾಟ್ಲಿ ಇದೆ," ಎಂದ ಅವನು, ಪಾಪ, ಬಾಯಾರಿಕೆಯೇನೋ ಎಂದು ಬಾಟ್ಲಿಯನ್ನೇ ಕೊಟ್ಟ.

ಬಸಲಿಂಗಪ್ಪನವರು ಒಂದು ಗುಟುಕು ಕುಡಿದು ನಿಜವಾದ ಪ್ರಶ್ನೆಗೆ ಬಂದರು. "ಅಲ್ಲಾ, ಇಂಡಿಯೊಳಗ ಶಶಿ ಅಂತ ಒಬ್ಬಾಂವ ಅದಾನಂತ. ಎತ್ತರ ಆಳು, ಕಣ್ಣಿಗೆ ಚಾಳೀಸ ಹಾಕ್ಕೋತಾನ. ಗೊತ್ತೇನ್ರಿ?"

ಡ್ರಮ್ಮಿನವನ ಮುಖ ಸಣ್ಣಗಾಯಿತು. "ಶಶೀನಾ? ಇಂಡಿಯಲ್ಲಿ ಅವನು ಗೊತ್ತಿಲ್ಲದೋರು ಯಾರಿದಾರೆ ಸರ್. ಹುಡುಗ ಒಳ್ಳೆಯವನೇ. ಆದರೆ ನೆಚ್ಚಿಕೊಳ್ಳೋಕಾಗಲ್ಲ. ಈವರೆಗೆ ಮೂರು ಬ್ಯಾಂಡ್ ಬಿಟ್ಟು ಓಡಿಹೋಗಿದಾನೆ."

ಬೆಳಗಾವಿಯಲ್ಲಿ ಗಂಡಸಿನ ಬಾಳಿನೊಳಗೆ ಬ್ಯಾಂಡು ಬರುವುದು ಒಂದೇ ಸಲ, ಅದೂ ಮದುವೆಯ ಕುದುರೆಯ ಮುಂದೆ. ಬಸಲಿಂಗಪ್ಪನವರು ಬಾಟ್ಲಿ ವಾಪಸು ಕೊಟ್ಟರು. "ಮೂರು? ಬ್ಯಾಂಡ್ ಹಚ್ಚಿದ ಮ್ಯಾಲ ಓಡ್ಯಾನ?"

"ಒಂದ್ಸಲ ಬಾರಿಸ್ತಾ ಇರುವಾಗಲೇ ಸರ್. ಜನ ತುಂಬಿ ಕೂತಿದಾರೆ, ಲೈಟು ಹಾಕಿದೆ, ಇವನು ಹಿಂದಿನ ಬಾಗಿಲಿಂದ ಹೋದ. ಫೋನೂ ಎತ್ತಲಿಲ್ಲ."

"ಯಾಕ? ಹುಡುಗಿ ಸೇರಲಿಲ್ಲೇನು?"

ಹಿಂದಿನಿಂದ ಯಾರೋ ಗಿಟಾರಿನ ತಂತಿ ಜೋರಾಗಿ ಎಳೆದದ್ದರಿಂದ ಡ್ರಮ್ಮಿನವನಿಗೆ ಈ ಪ್ರಶ್ನೆ ಕೇಳಲಿಲ್ಲ. "ಮೇನ್ ಪ್ರಾಬ್ಲಮ್ ಅಂದ್ರೆ ಸರ್, ಶ್ರುತಿ ಜೊತೆ ಅವನಿಗೆ ಆಗೋದೇ ಇಲ್ಲ. ಒಂದು ನಿಮಿಷ ಶ್ರುತಿ ಜೊತೆ ಇರ್ತಾನೆ, ಮರುನಿಮಿಷ ಬಿಟ್ಟು ಎಲ್ಲೋ ಹೋಗಿರ್ತಾನೆ. ಎಷ್ಟು ಸಲ ಹೇಳಿದ್ವಿ, ಶ್ರುತಿ ಬಿಡಬೇಡಪ್ಪಾ, ಎಲ್ಲರ ಮುಂದೆ ಮರ್ಯಾದೆ ಹೋಗತ್ತೆ ಅಂತ. ತಾಳಾನೂ ತಪ್ಪಿಸ್ತಾನೆ."

"ತಾಳಿನೂ!" ಎಂದು ಬಸಲಿಂಗಪ್ಪನವರು ಅಲ್ಲೇ ಇದ್ದ ಕರಿಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಅದು ಸ್ಪೀಕರು ಎಂದು ಅವರಿಗೆ ತಿಳಿಯಲಿಲ್ಲ.

ಹೊರಗೆ ಬಂದು ಹೆಂಡತಿಗೆ ಫೋನು ಹಚ್ಚಿದರು. ದಣಿದ ಮನುಷ್ಯನಾದ್ದರಿಂದ ಚುಟುಕಾಗಿ ಹೇಳಿದರು: "ಮೂರು ಮದುವಿ ಬಿಟ್ಟು ಓಡ್ಯಾನ. ಶ್ರುತಿ ಅನ್ನಾಕಿನ್ನೂ ಬಿಟ್ಟಾನ. ಊರಿಗೇ ಗೊತ್ತೈತಿ." ಕಾಂತಾ ಕೂಡಲೇ ಖಾನಾಪುರದ ತಂಗಿ ಸತ್ಯವ್ವನಿಗೆ ತಿಳಿಸಿದರು. ಸತ್ಯವ್ವ ಸಿದ್ದಪ್ಪನಿಗೆ ತಿಳಿಸುವ ಹೊತ್ತಿಗೆ ಹುಡುಗನಿಗೆ ಮೂವರು ಹೆಂಡರು ಇದ್ದು, ಶ್ರುತಿ ಎನ್ನುವ, ಶಾಲೆಗೆ ಹೋಗುವ ಮಗಳೂ ಹುಟ್ಟಿದ್ದಳು. ಸಿದ್ದಪ್ಪ ಒಂದು ಕಾರು ಹಿಡಿದು, ಅಕ್ಕವ್ವನನ್ನು ಕೂಡಿಸಿಕೊಂಡು, ಖಾನಾಪುರದಿಂದ ಗೋದಾಮಿನ ಕಡೆಗೆ ಹೊರಟೇಬಿಟ್ಟ.

ಇತ್ತ ಐದಕ್ಕೆ ಕೇಕು ಕತ್ತರಿಸಿದರು. ಸ್ನೇಹಲ ಎಲ್ಲರ ಬಾಯಿಗೂ ಪೇಢೆ ಇಟ್ಟಳು. ಬಸಲಿಂಗಪ್ಪನವರಿಗೆ ಗೌರವದಿಂದ ಎಲ್ಲಕ್ಕಿಂತ ಮುಂದಿನ ಕುರ್ಚಿ, ಸ್ಪೀಕರಿನ ಪಕ್ಕದ್ದೇ ಕೊಟ್ಟಳು. ಬ್ಯಾಂಡು ಶುರುವಾಯಿತು. ಅದು ಶುರುವಾದ ರೀತಿಗೆ ತಗಡಿನ ಮಾಳಿಗೆಯ ಮೇಲಿದ್ದ ಪಾರಿವಾಳಗಳು ಕಣಬರ್ಗಿಯ ಕಡೆಗೆ ಹಾರಿದವು. ನೂರು ಹುಡುಗ ಹುಡುಗಿಯರು ಒಟ್ಟಿಗೆ ಜಿಗಿದರು. ಬಸಲಿಂಗಪ್ಪನವರು ಮಾತ್ರ ನಿದ್ದೆ ಹೋದರು. ಮೂವತ್ತೊಂದು ವರ್ಷ ಖಾನಾಪುರದ ಬಸ್ಸಿನಲ್ಲಿ, ಅದೂ ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಮಲಗಿ ರೂಢಿಯಾದ ಜೀವ ಅದು. ಅವರಿಗೆ ಆ ಸಪ್ಪಳ ಜೋಗುಳದಂತೆ ಹಿತವಾಯಿತು. ಹಾಡುಗಾರ ಅವರತ್ತ ಬೆರಳು ತೋರಿಸಿ, "ಇದು ಇಂಡಿಯ ಹಿರಿಯರಿಗೆ!" ಎಂದ. ಹುಡುಗರು ಸುತ್ತ ನಿಂತು ವಿಡಿಯೋ ಮಾಡಿಕೊಂಡರು.

ಕಾಂತಾ, ಮೇಘಾ ಬಂದರು. "ಅವ್ವಾ, ಒಂದು ಮಾತು ಕೇಳು, ಇಂಡಿ ಅಂದ್ರ ಊರಲ್ಲ," ಎಂದು ಮೇಘಾ ಕಿವಿಯಲ್ಲಿ ಕೂಗಿದಳು. "ಹೌದಲ್ಲ! ಅಂಥಾ ಊರು ಊರ ಅಲ್ಲ!" ಎಂದು ಕಾಂತಾ ಒಪ್ಪಿಕೊಂಡರು. ಅವರು ಗಂಡನನ್ನು ಹುಡುಕಿ ಅಲುಗಾಡಿಸಿ ಎಬ್ಬಿಸುವಷ್ಟರಲ್ಲಿ ಬಾಗಿಲಲ್ಲಿ ಅಕ್ಕವ್ವ ಕಾಣಿಸಿದಳು. ತಲೆಯ ಮೇಲೆ ಸೆರಗು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಛತ್ರಿ. ಜಿಗಿಯುತ್ತಿದ್ದ ಹುಡುಗರನ್ನು ಛತ್ರಿಯಿಂದಲೇ ಆಚೀಚೆ ಸರಿಸುತ್ತ ಬಂದಳು. ಹಿಂದೆ ಸಿದ್ದಪ್ಪ.

"ಏನಂದ್ರಿ ನನ್ನ ಶಶಿಗೆ?" ಎಂದು ಅವಳು ಕೂಗಿದಳು.

ಸ್ಪೀಕರು ಒಂದೇ ಸಮನೆ ಗುಡುಗುತ್ತಿತ್ತು. ಬಸಲಿಂಗಪ್ಪನವರು ನಿದ್ದೆಗಣ್ಣಿನಲ್ಲೇ ಎದ್ದು, ಬೀಗರಾಗಬೇಕಾದವರೆಂದು ಕುರ್ಚಿ ತೋರಿಸಿ, "ಕುಂದರ್ರಿ!" ಎಂದರು.

"ಯಾರು ಕುದರಿ? ನಾ ಕುದರಿ?"

"ಸದರಿ ಆರೋಪಕ್ಕ ದಾಖಲೆ ಏನೈತ್ರಿ?" ಎಂದು ಸಿದ್ದಪ್ಪ ಚೀರಿದ.

"ಏನಂದ್ರಿ?"

"ದಾಖಲೆ! ದಾಖಲೆ!"

"ಬಾಗಿಲು ಅಲ್ಲೈತಿ!" ಎಂದರು ಬಸಲಿಂಗಪ್ಪನವರು, ಸಿದ್ದಪ್ಪ ಬಾಗಿಲು ಎಲ್ಲಿ ಎಂದು ಕೇಳುತ್ತಿದ್ದಾನೆ, ಹೊರಗೆ ಹೋಗಬೇಕಾಗಿದೆ ಎಂದು ತಿಳಿದು.

"ನಮ್ಮನ್ನ ಹೊರಗ ಹಾಕ್ತಾನ ನೋಡು!" ಎಂದು ಅಕ್ಕವ್ವ ಛತ್ರಿ ಎತ್ತಿದಳು. "ನನ್ನ ಹುಡುಗ ಏನು ಮಾಡ್ಯಾನ ಹೇಳ್ರಿ! ಬಾಯಿ ತಗದು ಹೇಳ್ರಿ!"

ಬಸಲಿಂಗಪ್ಪನವರಿಗೆ ಅದು ಕೇಳಿಸಿತು. ಕಚೇರಿಯಲ್ಲಿ ಎಂದೂ ದನಿ ಎತ್ತದ ಮನುಷ್ಯ ಎದೆ ತುಂಬ ಉಸಿರೆಳೆದುಕೊಂಡರು. ಹಾಡಿನ ನಡುವೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಲ್ಲುವ ಒಂದು ಜಾಗವಿತ್ತು. ಅದನ್ನು ಆ ಹುಡುಗರು ಆರು ತಿಂಗಳು ಅಭ್ಯಾಸ ಮಾಡಿದ್ದರು. ಸರಿಯಾಗಿ ಅದೇ ಜಾಗದಲ್ಲಿ, ಸೂಜಿ ಬಿದ್ದರೂ ಕೇಳುವಂಥ ಆ ಮೌನದಲ್ಲಿ, ಬಸಲಿಂಗಪ್ಪನವರ ದನಿ ತಗಡಿಗೆ ಬಡಿದು ಮೊಳಗಿತು:

"ನಿಮ್ಮ ಹುಡುಗ ಮೂರು ಮದುವಿ ಬಿಟ್ಟು ಓಡ್ಯಾನ! ಶ್ರುತಿನ್ನೂ ಬಿಟ್ಟಾನ!"

ನೂರು ಮಂದಿ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಒಬ್ಬ "ಒನ್ಸ್ ಮೋರ್ ಕಾಕಾ!" ಎಂದ. ವೇದಿಕೆಯ ಮೇಲೆ ಮಾತ್ರ ಗಾಬರಿಯಾಯಿತು. "ಶ್ರುತಿ ಬಿಟ್ಟಿದ್ದು ಯಾರೋ?" ಎಂದು ಹಾಡುಗಾರ ಮೆಲ್ಲಗೆ ಕೇಳಿದ. ಗಿಟಾರಿನವರಿಬ್ಬರೂ ಕೂಡಲೇ ಬಗ್ಗಿ ತಮ್ಮ ತಮ್ಮ ತಂತಿ ಬಿಗಿಮಾಡತೊಡಗಿದರು.

ಸ್ನೇಹಲ ಓಡಿ ಬಂದಳು. ಡ್ರಮ್ಮಿನವನೂ ಇಳಿದು ಬಂದ. ಮುಂದಿನ ಹತ್ತು ನಿಮಿಷದಲ್ಲಿ ಬಸಲಿಂಗಪ್ಪನವರು ಒಂದೊಂದಾಗಿ ಎಲ್ಲ ಕಳೆದುಕೊಂಡರು. ಡ್ರಮ್ಮಿನವನು ಹೇಳಿದ ಶಶಿ ಮೈಸೂರಿನವನು, ಇವರ ಬ್ಯಾಂಡಿನಲ್ಲೇ ಮೊದಲು ಗಿಟಾರು ಬಾರಿಸುತ್ತಿದ್ದವನು. ಬಿಟ್ಟದ್ದು ಮೂರು ಹಾಡಿನ ತಂಡಗಳನ್ನು. ತಪ್ಪಿಸಿದ್ದು ತಾಳವನ್ನು. ಶ್ರುತಿ ಹೆಣ್ಣುಮಗಳೇ ಅಲ್ಲ, ತಂಬೂರಿಯಿಂದ ಹೊರಡುವ ಸ್ವರ.

"ಮತ್ತ ಇಂಡಿ?" ಎಂದರು ಬಸಲಿಂಗಪ್ಪನವರು, ಕೊನೆಯ ಆಸರೆಗೆ.

"ಅದು ಊರಲ್ರಿ ಕಾಕಾ. ಸ್ವತಂತ್ರವಾಗಿ ಹಾಡು ಮಾಡೋರಿಗೆ ಹಂಗಂತಾರ," ಎಂದಳು ಸ್ನೇಹಲ. "ನೀವು ಮೂರು ವರ್ಷ ಇಂಡಿಯೊಳಗಿದ್ದೆ ಅಂದ್ರೆಲ್ಲ, ನಾ ನಿಮ್ಮನ್ನ ಹಳೇ ಕಲಾವಿದರು ಅಂತ ತಿಳಿದಿದ್ದೆ."

"ಮೂರು ವರ್ಷಲ್ಲ," ಎಂದರು ಬಸಲಿಂಗಪ್ಪನವರು. ಅವರ ದನಿ ಬಹಳ ಇಳಿದಿತ್ತು. "ಹದಿಮೂರು ದಿನ."

ಕಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಂಡಿಯ ಮನೆತನ ಎಂಥದೋ ಏನೋ, ಅದನ್ನು ಕೇಳಿಬರಬೇಕಾದ ಅಪ್ಪ ಮಗಳ ಬಾಳನ್ನು ತಗಡಿನ ಗೋದಾಮಿನಲ್ಲಿ ಹರಾಜು ಹಾಕಿದ್ದ. ನಾಳೆ ಇಡೀ ಖಾನಾಪುರ ನಗುತ್ತದೆ. ಇನ್ನು ಈ ಹುಡುಗಿಯನ್ನು ಕೇಳಿಕೊಂಡು ಯಾರು ಬರುತ್ತಾರೆ? ಬಸಲಿಂಗಪ್ಪನವರು ಮಗಳ ಮುಖ ನೋಡಲಾರದೆ ಡ್ರಮ್ಮನ್ನು ನೋಡಿದರು.

ಅಕ್ಕವ್ವ ಬಿಡುವವಳಲ್ಲ. "ಬಂಗಾರದಂಥ ಹುಡುಗ! ಕಣ್ಣೆತ್ತಿ ಒಂದು ಹೆಣ್ಣು ನೋಡಿದಾಂವಲ್ಲ! ಅಂಥಾವನ ಹೆಸರಿಗೆ ಇಷ್ಟು ಮಂದಿ ಮುಂದ ಮಸಿ ಬಳದ್ರಿ. ತಡೀರಿ, ಅವನ ಬಾಯಿಲೇ ಕೇಳಿಸ್ತೀನಿ, ಎಲ್ಲಾರೂ ಕೇಳ್ರಿ." ಅವಳು ಫೋನು ತೆಗೆದು ಸಿದ್ದಪ್ಪನ ಕೈಗೆ ಕೊಟ್ಟಳು. ಸಿದ್ದಪ್ಪ ನಂಬರು ಒತ್ತಿ, ದನಿ ದೊಡ್ಡದು ಮಾಡಿ ಹಿಡಿದ. ಉತ್ಸಾಹದಲ್ಲಿ ಸ್ನೇಹಲ ಮೈಕನ್ನೂ ತಂದು ಹಿಡಿದಳು. ನೂರು ಮಂದಿ ಹತ್ತಿರ ಸರಿದರು.

"ಹಲೋ, ಅತ್ತಿ?"

"ಶಶಿ, ಒಂದ ಮಾತು. ಈ ಶ್ರುತಿ ಯಾರಲೇ?"

ಡ್ರಮ್ಮಿನವನು ಕೋಲು ಕೆಳಗಿಟ್ಟ.

"ಅತ್ತಿ..." ಎಂದಿತು ಸ್ಪೀಕರು, ಗೋದಾಮಿನ ನಾಲ್ಕೂ ಮೂಲೆಯಿಂದ. "ನಿನಗ ಯಾರು ಹೇಳಿದ್ರು?"

ಅಕ್ಕವ್ವ ಕೂತಳು. ಯಾರೂ ಕುಂದರ್ರಿ ಎನ್ನಲಿಲ್ಲ, ತಾನಾಗಿಯೇ ಕೂತಳು.

"ನಾನ ಹೇಳಾಂವ ಇದ್ದೆ ಅತ್ತಿ. ನಮ್ಮ ಬ್ಯಾಂಕಿನಾಗ ಅದಾಳ. ಎರಡು ವರ್ಷಾತು. ನೀ ಎದಿ ಒಡಕೋತಿ ಅಂತ ಬಾಯಿ ಬಿಡಲಿಲ್ಲ. ಬೆಳಗಾವಿ ಹುಡುಗಿನ್ನ ನೋಡಾಕ ಹೂಂ ಅಂದೆ, ಆದ್ರ ಶ್ರುತಿನ್ನ ಬಿಡಾಕ ನನ್ನ ಕೈಲೇ ಆಗೂದುಲ್ಲ."

"ಬಿಡಬ್ಯಾಡೋ!" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಹಾಡುಗಾರ ಕಣ್ಣೊರೆಸಿಕೊಂಡ.

ಕಾಂತಾ ಮೊದಲು ಮಗಳನ್ನು ನೋಡಿದರು. ಮೇಘಾ ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರಾಡಿದವಳಂತೆ ಒಂದು ಪೇಢೆ ಎತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಕಾಂತಾ ಗಂಡನನ್ನು ನೋಡಿದರು. ಆ ನೋಟದಲ್ಲಿ ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಎಂದೂ ಇರದಿದ್ದ ಭಯಭಕ್ತಿ ಇತ್ತು. "ಸದರಿ ಸಾಹೇಬ್ರು," ಎಂದ ಸಿದ್ದಪ್ಪ, "ಬೆಳಗಾವಿಯಾಗ ಕುಂತು ಇಂಡಿಯ ಮನಿಯೊಳಗಿನ ಮಾತು ತಗದ್ರು. ಇಂಥಾ ವಿಚಾರಣೆ ನಾ ಎಲ್ಲೂ ನೋಡಿಲ್ಲ."

ಅಕ್ಕವ್ವ ಬಹಳ ಹೊತ್ತು ಛತ್ರಿಯ ತುದಿಯಿಂದ ನೆಲ ಕೆದರಿದಳು. ಫೋನಿನಲ್ಲಿ ಶಶಿಧರ ಇನ್ನೂ "ಅತ್ತಿ, ಅತ್ತಿ" ಎನ್ನುತ್ತಿದ್ದ. "ಯಾವೂರಲೇ ಆಕೀದು?" ಎಂದಳು ಕೊನೆಗೆ.

"ಅಥಣಿ, ಅತ್ತಿ."

ಅಕ್ಕವ್ವ ಎದ್ದು, ಸೆರಗು ಸರಿಮಾಡಿಕೊಂಡು, ಬಸಲಿಂಗಪ್ಪನವರ ಮುಂದೆ ಬಂದು ಎರಡೂ ಕೈ ಜೋಡಿಸಿದಳು. "ಸಂಬಂಧ ಆಗಲಿಲ್ಲ, ನಮ್ಮ ನಿಮ್ಮ ಋಣ ಇಷ್ಟ. ನಾ ಆಡಿದ್ದು ಹೊಟ್ಟ್ಯಾಗ ಹಾಕ್ಕೋರಿ. ಆದ್ರ ಒಂದು ಉಪಕಾರ ಮಾಡ್ರಿ. ಅಥಣಿಯಾಗ ಆ ಹುಡುಗಿ ಮನಿತನ ಹ್ಯಾಂಗೈತಿ, ನೀವ ಹೋಗಿ ಒಂದೀಟು ಕೇಳ್ಕೊಂಡು ಬರ್ರಿ. ನಿಮ್ಮಂಗ ಕೇಳಾವ್ರು ಯಾರೂ ಇಲ್ಲ."

ಅಥಣಿ ಎಂದರೆ ಹೋಗಲು ನಾಲ್ಕು ತಾಸು, ಬರಲು ನಾಲ್ಕು ತಾಸು. ಬಸಲಿಂಗಪ್ಪನವರ ಸೊಂಟ ಅಲ್ಲೇ ಹಿಡಿಯಿತು. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ನಿಧಾನವಾಗಿ ಕತ್ತು ಮಾತ್ರ ತಿರುಗಿಸಿ ಡ್ರಮ್ಮಿನವನನ್ನು ಕೇಳಿದರು:

"ತಮ್ಮಾ, ನಿಮ್ಮ ಬ್ಯಾಂಡಿನಾಗ ಅಥಣಿಯವರು ಯಾರರೆ ಅದಾರೇನು?"